ಮಳೆ ರಸ್ತೆಗೆ ಮಧ್ಯಮ ಬೆಲೆಯ ಟೈರ್: ಮುಂದಿನ ಎರಡನ್ನೇ ಬದಲಾಯಿಸಿದರೆ ಸಾಕೇ?

ಡಿಸೈರ್ ಕಾರಿನ ಮುಂದಿನ ಎರಡು ಟೈರ್ ಸವೆದಿವೆ, ಹಿಂದಿನವು ಚೆನ್ನಾಗಿವೆ, ಒಂದಕ್ಕೆ ಐದು ಸಾವಿರದ ಆಸುಪಾಸಿನಲ್ಲಿ ಜಾಸ್ತಿ ಕಿಲೋಮೀಟರ್ ಬರುವ ಕಂಪನಿ ಯಾವುದು ಅಂತ ಕೇಳಿದ್ದೀರಿ. ಮನೆ ಕಾರವಾರದಲ್ಲಿ, ಆಗಾಗ ಶಿರಸಿಗೆ ಹೋಗಿಬರುವುದಿದೆ ಅಂತಲೂ ಬರೆದಿದ್ದೀರಿ. ಕೆಲವು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದು ಶಿರಸಿಯಲ್ಲಿ ಅಂಗಡಿ ಅಂಗಡಿ ತಿರುಗಿದ್ದೆ. ಕಂಪನಿ ವಿಷಯ ಆಮೇಲೆ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ‘ಹಿಂದಿನವು ಚೆನ್ನಾಗಿವೆ’ ಅನ್ನುವ ಮಾತು.

ನನ್ನ ಕಾರಿನಲ್ಲೂ ನಿಮ್ಮದರಂತೆ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಎಳೆಯುವುದೂ ಅವೇ, ತಿರುಗುವುದೂ ಅವೇ, ಬ್ರೇಕ್ ಒತ್ತಿದಾಗ ಭಾರ ಬೀಳುವುದೂ ಅವುಗಳ ಮೇಲೇ. ಹಾಗಾಗಿ ಮುಂದಿನವು ಬೇಗ ನುಣ್ಣಗಾದವು. ಹಿಂದಿನವು ಕಾರಿನ ಜೊತೆಗೇ ಬಂದ ಟೈರುಗಳು. ಗೆರೆಗಳು ಇನ್ನೂ ಆಳವಾಗಿದ್ದವು. ಅಂಗಡಿಯವರು ಕೈಯಾಡಿಸಿ ನೋಡಿ, "ಹೆಗಡೇರೆ, ಇವು ಇನ್ನೂ ಇಪ್ಪತ್ತು ಸಾವಿರ ಓಡ್ತವೆ. ಸುಮ್ನೆ ಯಾಕೆ ಖರ್ಚು?" ಅಂದರು. ನನಗೂ ಅದೇ ಬೇಕಾಗಿತ್ತು. ಹೊಸ ಎರಡನ್ನೂ ಮುಂದೆ ಹಾಕಿಸಿದೆ. ಎಂಜಿನ್ ಮುಂದೆ, ಸ್ಟೇರಿಂಗ್ ಮುಂದೆ, ಹೊಸ ಟೈರ್ ಇನ್ನೆಲ್ಲಿ ಹಾಕುವುದು ಅಂತ ನಾನೂ ಎರಡನೇ ಸಲ ಯೋಚಿಸಲಿಲ್ಲ.

ಆ ಮಳೆಗಾಲದಲ್ಲಿ ಅಪ್ಪಯ್ಯನನ್ನು ಮಣಿಪಾಲಕ್ಕೆ ತೋರಿಸಲು ಹೊರಟಿದ್ದೆ. ದೊಡ್ಡ ಕಾಯಿಲೆ ಅಂದರೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಲೇಬೇಕಲ್ಲ. ಶಿರಸಿ-ಕುಮಟಾ ರಸ್ತೆಯಲ್ಲಿ ರಾಗಿಹೊಸಳ್ಳಿ ದಾಟಿ ದೇವಿಮನೆ ಘಟ್ಟ ಇಳಿಯುತ್ತಿದ್ದೆವು. ಜೋರು ಮಳೆ ನಿಂತು ಜಿಟಿಜಿಟಿ ಶುರುವಾಗಿತ್ತು. ವೇಗ ಏನೂ ಇರಲಿಲ್ಲ, ಮೂರನೇ ಗೇರಿನಲ್ಲಿದ್ದೆ. ಒಂದು ಬಲ ತಿರುವಿನಲ್ಲಿ ಗುಡ್ಡದ ಕಡೆಯಿಂದ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿತ್ತು. ತಿರುವಿನ ಒಳಗೆ ಹೋದ ಮೇಲೆ ಎಕ್ಸಲರೇಟರಿನಿಂದ ಕಾಲು ತೆಗೆದು ಬ್ರೇಕ್ ಸ್ವಲ್ಪ ಮುಟ್ಟಿದೆ. ಮುಂದಿನ ಚಕ್ರ ಹೇಳಿದಲ್ಲಿಗೆ ಹೋಯಿತು. ಹಿಂಭಾಗ ಮಾತ್ರ ತನ್ನ ಪಾಡಿಗೆ ಎಡಕ್ಕೆ ಜಾರಿತು. ನಾನು ಸ್ಟೇರಿಂಗ್ ತಿರುಗಿಸುವಷ್ಟರಲ್ಲಿ ಕಾರು ಅಡ್ಡ ನಿಂತು, ಒಂದು ಸುತ್ತು ಹೊಡೆದು, ಹಿಂದಿನ ಚಕ್ರ ಗುಡ್ಡದ ಬದಿಯ ಗಟಾರಕ್ಕೆ ಬಡಿಯಿತು. ಆಚೆ ಬದಿಗೆ ಹೋಗಿದ್ದರೆ ಕಣಿವೆ. ಎದುರಿನಿಂದ ಬಸ್ಸಾಗಲಿ ಲಾರಿಯಾಗಲಿ ಬರುತ್ತಿರಲಿಲ್ಲ.

"ತಮಾ, ಎಂತಾತು?" ಅಂತ ಅಪ್ಪಯ್ಯ ಕೇಳಿದರು. ಅವರ ಮಣಿಕಟ್ಟಿನ ಮೂಳೆ ಮುರಿದಿತ್ತು. ಹಿಂದಿನ ಆಕ್ಸಲ್ ಬೀಮ್ ಬಾಗಿತ್ತು, ರಿಮ್ ಹೋಗಿತ್ತು, ಡೋರು ಒಳಗೆ ಹೋಗಿತ್ತು. ವಿಮೆಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಕಡಿತ ಮಾಡುತ್ತಾರೆ. ಕೈಯಿಂದ ಹೋದ ದುಡ್ಡಿನಲ್ಲಿ ನಾಲ್ಕು ಒಳ್ಳೆ ಟೈರ್ ಬಂದು ಮಿಗುತ್ತಿತ್ತು. ದುಡ್ಡಿನ ಮಾತು ಬಿಡಿ, ಎಪ್ಪತ್ತು ದಾಟಿದವರ ಮೂಳೆ ಕೂಡಿಕೊಳ್ಳಲು ಎಷ್ಟು ಕಾಲ ಬೇಕು ಅಂತ ಮನೆಯಲ್ಲಿ ವಯಸ್ಸಾದವರಿದ್ದರೆ ನಿಮಗೇ ಗೊತ್ತಿರುತ್ತದೆ.

ತಪ್ಪು ಎಲ್ಲಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಸಾಲುಗಳನ್ನು ದಯವಿಟ್ಟು ಹಾರಿಸಬೇಡಿ.

ಮುಂದಿನ ಟೈರ್ ಜಾರಿದರೆ ನಿಮ್ಮ ಕೈಗೆ ಗೊತ್ತಾಗುತ್ತದೆ. ಸ್ಟೇರಿಂಗ್ ಹಗುರಾಗುತ್ತದೆ, ಕಾರು ತಿರುಗದೆ ನೇರ ಹೋಗಲು ನೋಡುತ್ತದೆ. ಹೆದರಿ ಕಾಲು ತೆಗೆಯುತ್ತೀರಿ. ಕಾಲು ತೆಗೆದರೆ ವೇಗ ಇಳಿದು ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟೈರಿಗೆ ಹಿಡಿತ ವಾಪಸ್ ಸಿಗುತ್ತದೆ. ಅಂದರೆ ಹೆದರಿದವನು ತಾನಾಗಿ ಮಾಡುವ ಕೆಲಸವೇ ಅಲ್ಲಿ ಸರಿಯಾದ ಕೆಲಸ. ಹಿಂದಿನ ಟೈರ್ ಜಾರಿದಾಗ ಎಲ್ಲ ಉಲ್ಟಾ. ಕೈಗೆ ಮುನ್ಸೂಚನೆ ಸಿಗುವುದಿಲ್ಲ. ಕಾಲು ತೆಗೆದರೆ, ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಬಂದು ಹಿಂಭಾಗ ಇನ್ನೂ ಹಗುರಾಗುತ್ತದೆ, ಇನ್ನೂ ಜಾರುತ್ತದೆ. ಇಳಿಜಾರಿನಲ್ಲಿ ಮೊದಲೇ ಭಾರವೆಲ್ಲ ಮುಂದೆ ಇರುತ್ತದೆ. ಅದಕ್ಕೆ ಸರಿಯಾಗಿ ನಾನು ಮುಂದೆ ಹೊಸ ಟೈರ್ ಹಾಕಿ ಮುಂಭಾಗಕ್ಕೆ ಒಳ್ಳೆ ಹಿಡಿತ ಕೊಟ್ಟಿದ್ದೆ, ಹಿಂಭಾಗವನ್ನು ಹಳೆ ರಬ್ಬರಿನ ಮೇಲೆ ಬಿಟ್ಟಿದ್ದೆ. ಎಬಿಎಸ್ ಇದ್ದರೂ ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ ಅಷ್ಟೇ. ಕಾರು ಸುತ್ತುವುದನ್ನು ತಡೆಯಲು ಇಎಸ್‌ಪಿ ಅನ್ನುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬೇಕು. ನನ್ನ ಕಾರಿನಲ್ಲಿ ಅದಿರಲಿಲ್ಲ.

ಎರಡೇ ಟೈರ್ ಕೊಂಡರೆ ಹೊಸದು ಹಿಂದೆ ಹೋಗಬೇಕು ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಹಿಂದಿನವು ನಿಜವಾಗಿ ಚೆನ್ನಾಗಿದ್ದರೆ ಅವನ್ನು ಮುಂದಕ್ಕೆ ತರಿಸಿ, ಹೊಸದನ್ನು ಹಿಂದೆ ಹಾಕಿಸಿ. ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ, ‘ಯಾರೂ ಹೀಗೆ ಮಾಡಲ್ಲ ಸರ್’ ಅನ್ನುತ್ತಾರೆ. ಕೇಳಬೇಡಿ. ಎರಡು ಚಕ್ರ ಹೆಚ್ಚಿಗೆ ಬಿಚ್ಚಬೇಕಾದ ಬೇಸರ ಅದು.

ಇನ್ನು ‘ಚೆನ್ನಾಗಿವೆ’ ಅನ್ನುವುದನ್ನು ಹೇಗೆ ನೋಡಿದಿರಿ? ಗೆರೆಯ ಆಳ ನೋಡಿ ಹೇಳಿದ್ದಾದರೆ ಅರ್ಧ ಮಾತ್ರ ನೋಡಿದ್ದೀರಿ. ಟೈರಿನ ಪಕ್ಕದಲ್ಲಿ ‘ಡಾಟ್’ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಅಂತಿದ್ದರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು. ಇದು ಟೈರಿನ ಒಂದೇ ಬದಿಯಲ್ಲಿರುವುದು ಜಾಸ್ತಿ, ಬಹಳ ಸಲ ಒಳಬದಿಗೆ ಬಂದಿರುತ್ತದೆ. ಮೊಬೈಲ್ ಟಾರ್ಚ್ ಹಿಡಿದು ಕಾರಿನ ಕೆಳಗೆ ಬಗ್ಗಿ ನೋಡಬೇಕು. ನಾನು ನೋಡಿದ್ದು ಗ್ಯಾರೇಜಿನಲ್ಲಿ, ಎಲ್ಲ ಆದ ಮೇಲೆ. ಏಳು ವರ್ಷದ ಟೈರ್. ಬೇಸಿಗೆಯಿಡೀ ಅಡಿಕೆ ಒಣಗಿಸುವ ಅಂಗಳದ ಪಕ್ಕ ಬಿಸಿಲಲ್ಲೇ ನಿಲ್ಲುತ್ತಿದ್ದ ಕಾರು. ಗೆರೆಗಳ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳು ಸಾಲಾಗಿ ಇದ್ದವು. ಉಗುರು ಒತ್ತಿದರೆ ಒಣಗಿ ಗಟ್ಟಿಯಾದ ಚಾಲಿ ಅಡಿಕೆಗೆ ಒತ್ತಿದ ಹಾಗೆ, ಒಂಚೂರೂ ತಗ್ಗಲಿಲ್ಲ. ಪಕ್ಕದಲ್ಲೇ ಇದ್ದ ಹೊಸ ಟೈರಿಗೆ ಒತ್ತಿದೆ. ಉಗುರಿನ ಗುರುತು ಬಿದ್ದು ನಿಧಾನ ಮಾಯವಾಯಿತು.

ಬಿಸಿಲು, ಗಾಳಿಯಲ್ಲಿರುವ ಓಝೋನ್, ಶಾಖ ಎಲ್ಲ ಸೇರಿ ರಬ್ಬರನ್ನು ಗಟ್ಟಿ ಮಾಡುತ್ತವೆ. ಒದ್ದೆ ಟಾರಿನ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ರಬ್ಬರ್ ಮೆತ್ತಗೆ ಒತ್ತಿಕೊಂಡಾಗಲೇ ಹಿಡಿತ. ಗಟ್ಟಿಯಾದ ರಬ್ಬರ್ ಮೇಲೆ ಮೇಲೇ ಜಾರುತ್ತದೆ, ಗೆರೆ ಎಷ್ಟೇ ಆಳವಿರಲಿ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಪರೀಕ್ಷೆ ಮಾಡಿಸಿ, ಹತ್ತು ವರ್ಷಕ್ಕೆ ಹೇಗಿದ್ದರೂ ತೆಗೆಯಿರಿ ಅಂತ ಕಂಪನಿಗಳ ಸಲಹೆ. ನಮ್ಮ ಬಿಸಿಲು, ನಮ್ಮ ಮಳೆ, ನಮ್ಮ ಘಟ್ಟಕ್ಕೆ ನಾನು ಆರಕ್ಕೇ ತೆಗೆಯುತ್ತೇನೆ.

ಹಾಗಾಗಿ ‘ಜಾಸ್ತಿ ಕಿಲೋಮೀಟರ್ ಯಾವುದು’ ಅನ್ನುವ ಪ್ರಶ್ನೆಯೇ ನಿಮಗೆ ಹೊಂದುವುದಿಲ್ಲ. ಟ್ಯಾಕ್ಸಿಯವರು ಕೇಳಿದರೆ ಸರಿ. ಅವರು ಎರಡು ವರ್ಷದೊಳಗೆ ಟೈರ್ ಪೂರ್ತಿ ಸವೆಸುತ್ತಾರೆ. ನೀವು ಕಾರವಾರದೊಳಗೆ ಓಡಾಡಿ, ಆಗಾಗ ಅಂಕೋಲಾ, ಕುಮಟಾ ಮೇಲೆ ಶಿರಸಿಗೆ ಬರುವವರು. ನಿಮ್ಮ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಲಕ್ಷ ಕಿಲೋಮೀಟರ್ ಓಡುವ ಟೈರ್ ಕೊಂಡು ಮಾಡುವುದೇನು? ಬಾಳಿಕೆಗೆಂದೇ ಮಾಡುವ ಟೈರುಗಳಲ್ಲಿ ರಬ್ಬರ್ ಸಾಮಾನ್ಯವಾಗಿ ಗಟ್ಟಿ ಇರುತ್ತದೆ, ಒದ್ದೆಯಲ್ಲಿ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಅಪೊಲೊದ ಅಮೇಜರ್ 4ಜಿ ಲೈಫ್, ಸಿಯೆಟ್‌ನ ಮಿಲೇಜ್ ಎಕ್ಸ್3 ಬಾಳಿಕೆಯ ಮಾತಿನ ಮೇಲೇ ಮಾರಾಟವಾಗುವಂಥವು. ದಿನಾ ಹುಬ್ಬಳ್ಳಿ ರಸ್ತೆ ಓಡಿಸುವವರಾಗಿದ್ದರೆ ನಾನೂ ಅವನ್ನೇ ಹೇಳುತ್ತಿದ್ದೆ. ನಿಮಗೆ ಗುಡ್‌ಇಯರ್ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ ತರಹದ್ದು, ಒದ್ದೆ ರಸ್ತೆಯ ಬ್ರೇಕಿಂಗನ್ನೇ ಮುಂದಿಟ್ಟು ಮಾಡಿದ್ದು, ಸರಿ. ನಿಮ್ಮ ಅಳತೆಯಲ್ಲಿ ಸಿಗುತ್ತದೋ ಕೇಳಿ. ಅಂಗಡಿಯಲ್ಲಿ ಸ್ಟಾರ್ ಲೇಬಲ್ ತೋರಿಸಿ ‘ಐದು ಸ್ಟಾರ್ ಸರ್’ ಅಂದರೆ ಅದು ಇಂಧನ ಉಳಿತಾಯದ ಗುರುತು. ಮಳೆಯಲ್ಲಿ ಎಷ್ಟು ಹಿಡಿಯುತ್ತದೆ ಅಂತ ಆ ಸ್ಟಾರ್ ಹೇಳುವುದಿಲ್ಲ.

ಇದಕ್ಕಿಂತ ಮುಖ್ಯ, ಹೊಸ ಟೈರಿನ ತಯಾರಿ ವಾರ. ದುಡ್ಡು ಕೊಡುವ ಮೊದಲು ನಾಲ್ಕು ಅಂಕಿ ಓದಿ. ‘ಸ್ಪೆಷಲ್ ರೇಟ್’ ಅಂತ ಕೊಡುವುದು ಬಹಳ ಸಲ ಹಳೆ ಸ್ಟಾಕ್. ಆರು ತಿಂಗಳೊಳಗಿನದ್ದು ಕೇಳಿ, ಇಲ್ಲದಿದ್ದರೆ ತರಿಸಲು ಹೇಳಿ ಎದ್ದು ಬನ್ನಿ. ಹೆಸರಾಂತ ಕಂಪನಿಯ ಮೂರು ವರ್ಷದ ಟೈರಿಗಿಂತ ಸಾಧಾರಣ ಕಂಪನಿಯ ಮೊನ್ನೆ ಮೊನ್ನೆಯ ಟೈರ್ ನನಗೆ ಬೇಕು.

ಅಳತೆ ಬದಲಾಯಿಸಬೇಡಿ. ನಿಮ್ಮ ಟೈರಿನ ಮೇಲೆ 165/80 ಆರ್14 ಅಂತಿದ್ದರೆ ಅದನ್ನೇ ಹಾಕಿಸಿ. ಅಗಲ ಹೆಚ್ಚಿಸಿದರೆ ಗ್ರಿಪ್ ಹೆಚ್ಚುತ್ತದೆ ಅನ್ನುವವರಿದ್ದಾರೆ. ನಿಂತ ನೀರಿನಲ್ಲಿ ಅಗಲ ಟೈರೇ ಬೇಗ ತೇಲುವುದು. ಮಾಜಾಳಿಯಿಂದ ಭಟ್ಕಳದವರೆಗಿನ ಹೆದ್ದಾರಿ 66ರಲ್ಲಿ ಮಳೆಗಾಲದಲ್ಲಿ ಎಲ್ಲೆಲ್ಲಿ ನೀರು ನಿಲ್ಲುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಹಿಂದಿನ ಟೈರ್ ಐದು ವರ್ಷ ದಾಟಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದು. ಅಷ್ಟು ದುಡ್ಡು ಈಗ ಇಲ್ಲದಿದ್ದರೆ ಕಡಿಮೆ ಬೆಲೆಯ ನಾಲ್ಕು ತಗೊಳ್ಳುವುದು, ದುಬಾರಿಯ ಎರಡು ತಗೊಳ್ಳದೆ ಇರುವುದು. ಐದಕ್ಕಿಂತ ಕಡಿಮೆ ಇದ್ದು ರಬ್ಬರ್ ಮೆತ್ತಗಿದ್ದರೆ ಎರಡು ಸಾಕು, ಆದರೆ ಹಿಂದೆ. ಮುಂದಿನವು ಮಾತ್ರ ಹೀಗೆ ಸವೆದಿವೆ ಅಂದರೆ ನೀವು ಹಿಂದೆಮುಂದೆ ಅದಲುಬದಲು ಮಾಡಿಸಿಲ್ಲ ಅಂತಲೇ ಅರ್ಥ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮಾಡಿಸಿದ್ದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ, ‘ಎರಡೋ ನಾಲ್ಕೋ’ ಅನ್ನುವ ತಲೆಬಿಸಿಯೇ ಬರುವುದಿಲ್ಲ. ಸ್ಟೆಪ್ನಿಯ ತಾರೀಕನ್ನೂ ನೋಡಿ. ಅದು ಓಡದಿದ್ದರೂ ವಯಸ್ಸು ನಿಲ್ಲುವುದಿಲ್ಲ.

ಟೈರಿನ ಗೆರೆಗಳ ನಡುವೆ ಚಿಕ್ಕ ದಿಣ್ಣೆಗಳಿರುತ್ತವೆ, 1.6 ಮಿಲಿಮೀಟರ್ ಎತ್ತರ. ರಬ್ಬರ್ ಅದರ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರ ಟೈರ್ ಮುಗಿಯಿತು. ನಮ್ಮ ಕಡೆ ಅಲ್ಲಿಯವರೆಗೆ ಕಾಯಬಾರದು. 3 ಮಿಲಿಮೀಟರಿಗೆ ಬಂದಾಗಲೇ ನೀರು ಹೊರಹಾಕುವ ಶಕ್ತಿ ತುಂಬಾ ಇಳಿದಿರುತ್ತದೆ.

ಸಾಧ್ಯವಾದರೆ ಮೇ ತಿಂಗಳಲ್ಲೇ ಹಾಕಿಸಿ. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಹಚ್ಚಿದ ಜಾರುವ ಪದಾರ್ಥ ಹೊಸ ಟೈರಿನ ಮೇಲೆ ಉಳಿದಿರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಒಣ ರಸ್ತೆಯಲ್ಲಿ ಮೆತ್ತಗೆ ಓಡಿಸಿದರೆ ಅದು ಹೋಗುತ್ತದೆ. ಜೂನ್ ಮಳೆ ಹಿಡಿದ ಮೇಲೆ ಹಾಕಿಸಿ ಅದೇ ವಾರ ಘಟ್ಟ ಹತ್ತಬೇಡಿ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್ ಎಲ್ಲ ಸೇರಿ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ, ಬಿಲ್ಲಿನ ಮೇಲೆ ಕೊಂಡ ಪ್ರತಿ ಟೈರಿನ ನಂಬರ್ ಬರೆಸಿ. ಗಾಳಿ ಎಷ್ಟು ಅನ್ನುವುದು ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿದೆ. ಕಾರು ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ನೋಡಿಸಿ.