22ಎ ಎಲ್ಲಿ ಹೋಯಿತು?

ಪ್ರಶ್ನೆ: ನಾವಿರುವುದು ಸಿಯಾಟಲ್‌ನಲ್ಲಿ. ಹೋದ ತಿಂಗಳು ಹಳೇ ದೋಣಿಯೊಂದನ್ನು ಕೊಂಡೆವು. ಅದರ ವಿಎಚ್‌ಎಫ್ (ದೋಣಿಯಿಂದ ಮಾತಾಡುವ ರೇಡಿಯೊ ಸೆಟ್) ಕೆಟ್ಟಿತ್ತು, ಹೊಸದು ಹಾಕಿಸಿದೆವು. ಹಳೇ ಮಾಲೀಕರು ಅಂಟಿಸಿದ್ದ ಚೀಟಿಯಲ್ಲಿ ‘ಕೋಸ್ಟ್ ಗಾರ್ಡ್: 22ಎ’ ಅಂತಿದೆ, ಅಂದರೆ ಕರಾವಳಿ ರಕ್ಷಣಾ ಪಡೆಯವರ ಜೊತೆ ಮಾತಾಡುವ ಚಾನೆಲ್. ಹೊಸ ಸೆಟ್ಟಿನಲ್ಲಿ 22ಎ ಇಲ್ಲವೇ ಇಲ್ಲ, 1022 ಅಂತ ಬರುತ್ತದೆ. ನಮ್ಮೆಜಮಾನರು ಸೆಟ್ ವಾಪಸ್ ಕೊಡೋಣ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ವಾಪಸ್ ಕೊಡಬೇಡಿ. ಎರಡೂ ಒಂದೇ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಗೇಟಿನ ಮೇಲೆ ಹೊಸ ನಂಬರು, ಹಳೇ ನಂಬರು ಎರಡೂ ಬರೆದಿರುತ್ತಾರಲ್ಲ, ಹಾಗೆ. ಮನೆ ಇದ್ದಲ್ಲೇ ಇದೆ. 22ಎ ಹಿಂದೆಯೂ 157.100 ಮೆಗಾಹರ್ಟ್ಸ್, 1022 ಆದ ಮೇಲೂ ಅದೇ.

ಆ ‘ಎ’ ಯಾಕೆ ಬಂತು ಅಂತ ಹೇಳಿಬಿಡುತ್ತೇನೆ. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ 22 ಅಂದರೆ ಜೋಡಿ ಚಾನೆಲ್. ಹಡಗು 157.100ರಲ್ಲಿ ಮಾತಾಡುತ್ತದೆ, ದಡದವರು 161.700ರಲ್ಲಿ ಉತ್ತರ ಕೊಡುತ್ತಾರೆ. ಅಮೆರಿಕದಲ್ಲಿ ಹಡಗಿನ ಕಡೆಯ ಅರ್ಧವನ್ನಷ್ಟೇ ಇಟ್ಟುಕೊಂಡು, ಮಾತಿಗೂ ಕೇಳುವುದಕ್ಕೂ ಅದನ್ನೇ ಬಳಸಿದರು. ಆ ಅರ್ಧಕ್ಕೆ ‘ಎ’ ಅಂತ ಬಾಲ ಕಟ್ಟಿದರು. ದಡದ ಅರ್ಧಕ್ಕೆ ‘ಬಿ’. ಈಗ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪದ್ಧತಿಯಂತೆ ಬಾಲದ ಬದಲು ತಲೆಗೆ ಅಂಕಿ ಬಂದಿದೆ: ‘ಎ’ ಇದ್ದಲ್ಲಿ 10, ‘ಬಿ’ ಇದ್ದಲ್ಲಿ 20. ಹಾಗಾಗಿ 78ಎ ಈಗ 1078. ನಿಮ್ಮ ಕಡೆಯ ಹಡಗು ಸಂಚಾರದವರ 5ಎ ಈಗ 1005. ಬಾಲವಿಲ್ಲದ 9, 13, 16, 68 ಎಲ್ಲ ಇದ್ದ ಹಾಗೇ ಇವೆ.

ನಂಬರಿಗಿಂತ ಜಾಸ್ತಿ ಗಮನ ಕೊಡಬೇಕಾದದ್ದು ಬೇರೆ ಇದೆ. ನಾನು ಹಡಗಿನಲ್ಲಿ ರೇಡಿಯೊ ಆಫೀಸರ್ ಆಗಿದ್ದವನು. 1999ರ ಫೆಬ್ರವರಿಯಲ್ಲಿ ಜಿಎಂಡಿಎಸ್‌ಎಸ್ ಅನ್ನುವ, ಹಡಗುಗಳ ಹೊಸ ಅಪಾಯ-ಸಂಪರ್ಕ ವ್ಯವಸ್ಥೆ ಪೂರ್ತಿ ಜಾರಿಗೆ ಬಂದು ನಮ್ಮ ಮೋರ್ಸ್ ಕೀಲಿಗೆ ರಜೆ ಸಿಕ್ಕಿತು. ಆಮೇಲೊಮ್ಮೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಅಕ್ಕನ ಮಗನ ದೋಣಿ ಹತ್ತಿದ್ದೆ. ಮಂಜು ಕವಿದಿತ್ತು, ಎಂಜಿನ್ ನಿಂತಿತು. ಅಪಾಯದ ಕರೆಯ ಚಾನೆಲ್ 16ರಲ್ಲಿ ಕರೆದೆವು. ಕೋಸ್ಟ್ ಗಾರ್ಡ್‌ನವರು ‘ಟ್ವೆಂಟಿಟು ಆಲ್ಫಾಕ್ಕೆ ಬನ್ನಿ’ ಅಂದರು. ರೇಡಿಯೊ ಭಾಷೆಯಲ್ಲಿ ‘ಎ’ ಅಂದರೆ ಆಲ್ಫಾ. ನಾನು ಜಂಬದಿಂದ 22 ಒತ್ತಿದೆ. ಮಾತಾಡಿದೆ. ಉತ್ತರವಿಲ್ಲ. ಮತ್ತೆ ಮಾತಾಡಿದೆ. ಸೆಟ್ಟನ್ನು ಬೈದೆ, ಆಂಟೆನಾ ಬೈದೆ, ಕೊನೆಗೆ ಹುಡುಗನನ್ನೂ ಬೈದೆ. ಸೆಟ್ಟಿನ ಮೂಲೆಯಲ್ಲಿ ಐಎನ್‌ಟಿ (ಅಂತಾರಾಷ್ಟ್ರೀಯ ಪಟ್ಟಿ) ಅಂತ ಪುಟ್ಟ ಅಕ್ಷರ ಇದ್ದದ್ದನ್ನು ಅವನೇ ತೋರಿಸಿದ. ನನ್ನ ಮಾತು ಅವರಿಗೆ ಕೇಳಿಸುತ್ತಿತ್ತು. ಅವರು 157.100ರಲ್ಲಿ ಉತ್ತರಿಸುತ್ತಿದ್ದರೆ ನಾನು 161.700ಕ್ಕೆ ಕಿವಿ ಕೊಟ್ಟು ಕೂತಿದ್ದೆ!

ಹೊಸ ನಂಬರಿನಿಂದ ಆ ಗೊಂದಲ ತಪ್ಪುತ್ತದೆ. 1022 ಅಂದರೆ 1022, 22 ಅಂದರೆ 22. ಆದರೂ ದೋಣಿ ಬಿಡುವ ಮುಂಚೆ ಸೆಟ್ ಯುಎಸ್‌ಎ ಪಟ್ಟಿಯಲ್ಲಿದೆಯೇ ನೋಡಿ.

ಹಳೇ ಚೀಟಿ ಕೀಳಬೇಡಿ, ಪಕ್ಕದಲ್ಲೇ 1022 ಅಂತ ಬರೆಯಿರಿ. ಹಳೇ ಸೆಟ್ ಇಟ್ಟುಕೊಂಡವರು ಇನ್ನೂ ‘ಆಲ್ಫಾ’ ಅಂತಲೇ ಕರೆಯುತ್ತಾರೆ. ಅವರ ಸೆಟ್ಟಿಗೇನೂ ಆಗಿಲ್ಲ, ಬದಲಾಯಿಸಬೇಕಾಗಿಯೂ ಇಲ್ಲ. ಸೆಟ್ ಕೆಲಸ ಮಾಡುತ್ತಿದೆಯೇ ಅಂತ ನೋಡಲು ಮಾತ್ರ 16ಕ್ಕೆ ಬಂದು ಸುಮ್ನೆ ಹಲೋ ಅನ್ನಬೇಡಿ. ಅದು ಪ್ರಾಣಾಪಾಯದ ಕರೆಗೆ ಇರುವ ಜಾಗ.

ಇನ್ನೊಂದು ಮಾತು. ಸಿಯಾಟಲ್‌ನವರು ಬೇಸಿಗೆಯಲ್ಲಿ ಕೆನಡಾದ ವಿಕ್ಟೋರಿಯಾ ಕಡೆ ಹೊರಡುವುದುಂಟು. ಅಮೆರಿಕದ ನೀರಿನೊಳಗೆ ನಿಮ್ಮಂಥ ದೋಣಿಯ ವಿಎಚ್‌ಎಫ್‌ಗೆ ಲೈಸೆನ್ಸ್ ಬೇಡ. ಪರದೇಶದ ಬಂದರಿಗೆ ಹೋಗುವುದಾದರೆ ದೋಣಿಗೊಂದು, ಮಾತಾಡುವವರಿಗೊಂದು ಎಫ್‌ಸಿಸಿ (ಅಮೆರಿಕದ ಸಂಪರ್ಕ ಆಯೋಗ) ಪರವಾನಗಿ ಬೇಕು. ಎರಡನೆಯದನ್ನು ನಿಮ್ಮ ಹೆಸರಿಗೇ ಮಾಡಿಸಿ. ಸೆಟ್ ವಾಪಸ್ ಕೊಡಲು ಹೊರಟವರ ಕೈಗೆ ಮೈಕ್ ಯಾಕೆ, ಅಲ್ವಾ?