ಪಟ್ಟಿಯಲ್ಲಿ ಹೆಸರು ಬಂದವರ ತಂಡ

ಅಕ್ಕಾ ಅಂತ ಕರೆದು ಕೇಳಿದೀಯ, ಮನೆಯ ತಮ್ಮನಿಗೆ ಹೇಳೋ ಹಾಗೇ ಹೇಳ್ತೀನಿ. ದಾವಣಗೆರೆಯಿಂದ ಹ್ಯೂಸ್ಟನ್‌ಗೆ ಬಂದು ನಾಲ್ಕು ತಿಂಗಳು. ಸೋಮವಾರ ಬಂತಂದ್ರೆ ಆಫೀಸಲ್ಲಿ ಎಲ್ಲರ ಬಾಯಲ್ಲೂ ಅಮೆರಿಕನ್ ಫುಟ್‌ಬಾಲ್, ನೀನು ಊಟದ ಡಬ್ಬಿ ಮುಂದೆ ಸುಮ್ನೆ ಕೂತಿರ್ತೀಯ. "ಈ ಊರಿನ ಟೆಕ್ಸನ್ಸ್ 2002ರಲ್ಲಿ ಶುರುವಾದ ತಂಡವಂತೆ. ಇದ್ದಕ್ಕಿದ್ದ ಹಾಗೆ ಹುಟ್ಟಿದ ತಂಡಕ್ಕೆ ಆಟಗಾರರು ಎಲ್ಲಿಂದ ಬಂದ್ರು? ಇದನ್ನೆಲ್ಲ ಕಲಿಯೋದು ಬೇಕಾ?" ಅಂತ ಬರೆದಿದೀಯ.

ಬೇಕು. ಆಟಕ್ಕೋಸ್ಕರ ಅಷ್ಟೇ ಅಲ್ಲ. ಆ ತಂಡ ಕಟ್ಟಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ನಾವು ಬಂದಿದ್ದು 2001ರಲ್ಲಿ, ಅದರ ಹಿಂದಿನ ವರ್ಷ.

ಈ ಊರಿಗೆ ಮೊದಲು ಆಯಿಲರ್ಸ್ ಅನ್ನೋ ತಂಡ ಇತ್ತು. 1996ರ ಸೀಸನ್ ಮುಗೀತಿದ್ದ ಹಾಗೆ ಮಾಲೀಕರು ಅದನ್ನ ಟೆನೆಸ್ಸಿಗೆ ಎತ್ಕೊಂಡು ಹೋದ್ರು. ನಮ್ಮ ಪಕ್ಕದ ಮನೆಯ ಅಜ್ಜ ಆ ತಂಡದ ತಿಳಿನೀಲಿ ಟೋಪಿಯನ್ನ ತೊಳೆದು ತೊಳೆದು ಬಣ್ಣವೇ ಹೋಗಿದ್ರೂ ತಲೆಯಿಂದ ತೆಗೀತಿರಲಿಲ್ಲ. 1999ರಲ್ಲಿ ಬಾಬ್ ಮೆಕ್‌ನೇರ್ 70 ಕೋಟಿ ಡಾಲರ್ ಕೊಟ್ಟು ಹೊಸ ತಂಡದ ಹಕ್ಕು ತಗೊಂಡ್ರು, ಎನ್‌ಎಫ್‌ಎಲ್ ಅನ್ನೋ ಇಲ್ಲಿಯ ಫುಟ್‌ಬಾಲ್ ಲೀಗಿನ 32ನೇ ತಂಡ. ಹಕ್ಕೇನೋ ಬಂತು, ಆಡೋಕೆ ಜನ ಬೇಕಲ್ಲ.

ಐಪಿಎಲ್ ನೋಡ್ತೀಯಲ್ಲ, 2022 ನೆನಪು ಮಾಡ್ಕೋ. ಗುಜರಾತ್, ಲಕ್ನೋ ಹೊಸದಾಗಿ ಬಂದಾಗ ಹಳೆಯ ಎಂಟು ತಂಡಗಳು ಹೆಚ್ಚೆಂದ್ರೆ ನಾಲ್ಕು ನಾಲ್ಕು ಜನರನ್ನ ಉಳಿಸ್ಕೊಂಡವು. ಹೊರಗೆ ಉಳಿದವರಲ್ಲಿ ಹೊಸಬರು ಹರಾಜಿಗೆ ಮುಂಚೆಯೇ ಮೂರು ಮೂರು ಜನರನ್ನ ಆರಿಸ್ಕೊಂಡ್ರು. ನಮ್ಮ ರಾಹುಲ್ ಲಕ್ನೋಗೆ ಹೋಗಿದ್ದು ಹಾಗೆ. ಹೊಸ ತಂಡ ಹಳೆಯ ತಂಡಗಳಿಂದ ಆಟಗಾರರನ್ನ ಆರಿಸ್ಕೊಳ್ಳೋ ಇಲ್ಲಿಯ ಎಕ್ಸ್‌ಪ್ಯಾನ್ಶನ್ ಡ್ರಾಫ್ಟ್ ಅದರ ಅಣ್ಣ. ಆದ್ರೆ ಒಂದು ವ್ಯತ್ಯಾಸ ಇದೆ: ಆಟಗಾರನನ್ನ ಯಾರೂ ಕೇಳೋದಿಲ್ಲ. ಅವನ ಕರಾರು ಇದ್ದ ಹಾಗೇ, ಸಂಬಳದ ಸಮೇತ, ಹೊಸ ತಂಡದ ಹೆಗಲಿಗೆ ಬರುತ್ತೆ.

2002ರ ಫೆಬ್ರವರಿ 18ರಂದು ಹ್ಯೂಸ್ಟನ್‌ನಲ್ಲೇ ಅದು ನಡೀತು. 31 ತಂಡಗಳೂ ಐದೈದು ಹೆಸರು ಕೊಡಬೇಕಿತ್ತು, ಒಟ್ಟು 155. ಟೆಕ್ಸನ್ಸ್ ಅದರಲ್ಲಿ ಕನಿಷ್ಠ 30 ಜನರನ್ನ ತಗೋಬೇಕು, ಇಲ್ಲಾ ತಮ್ಮ ಸಂಬಳದ ಮಿತಿಯಲ್ಲಿ ನೂರಕ್ಕೆ 38ರಷ್ಟು ಅಲ್ಲೇ ಖರ್ಚು ಮಾಡಬೇಕು. ಈ ಮಿತಿಗೆ ಸ್ಯಾಲರಿ ಕ್ಯಾಪ್ ಅಂತಾರೆ. ಇದೊಂದು ಅರ್ಥವಾದ್ರೆ ಈ ಲೀಗಿನ ಅರ್ಧ ಅರ್ಥವಾದ ಹಾಗೆ. ಆ ವರ್ಷ ಯಾವ ತಂಡವೂ ಸುಮಾರು 7.11 ಕೋಟಿ ಡಾಲರ್ ಮೀರೋ ಹಾಗಿರಲಿಲ್ಲ. ಮಾಲೀಕ ಎಷ್ಟೇ ಶ್ರೀಮಂತನಾಗಿರಲಿ, ಲೆಕ್ಕ ಅಂದ್ರೆ ಲೆಕ್ಕ. ಜಾಕ್ಸನ್‌ವಿಲ್, ಬಾಲ್ಟಿಮೋರ್, ನ್ಯೂಯಾರ್ಕ್ ಜೆಟ್ಸ್ ತಂಡಗಳು ಆ ಲೆಕ್ಕದಲ್ಲಿ ಸಿಕ್ಕಿಹಾಕ್ಕೊಂಡಿದ್ವು. ಹಾಗಾಗಿ ಕೈಲಾಗದವರ ಹೆಸರಿನ ಜೊತೆಗೆ ತಮ್ಮ ಒಳ್ಳೊಳ್ಳೆಯವರ ಹೆಸರನ್ನೂ ಪಟ್ಟಿಗೆ ಹಾಕಿದ್ರು.

ಆ ಪಟ್ಟಿ ನನಗೆ ಇವತ್ತಿಗೂ ನೆನಪಿರೋದಕ್ಕೆ ಬೇರೆ ಕಾರಣ ಇದೆ. ಅದೇ ಜನವರಿಯಲ್ಲಿ ನಮ್ಮನೆಯವರ ಕಂಪನಿಯಲ್ಲೂ ಕೆಲಸದಿಂದ ತೆಗೆಯೋರ ಒಂದು ಪಟ್ಟಿ ಬಂದಿತ್ತು. ಅದರಲ್ಲಿ ಇವರ ಹೆಸರಿತ್ತು. ಈಗಿನ ಹಾಗೆ ಎಚ್-1ಬಿ ಕೆಲಸದ ವೀಸಾದವರಿಗೆ ಬೇರೆ ಕೆಲಸ ಹುಡುಕೋಕೆ 60 ದಿನದ ಅವಕಾಶವೂ ಆಗ ಇರಲಿಲ್ಲ. ಇವರು ರಾತ್ರಿ ಎದ್ದು ಕೂತು "ನಾನೆಲ್ಲಿ ತಪ್ಪಿದೆ?" ಅಂತ ಕೇಳೋರು, ನನ್ನ ಹತ್ರ ಉತ್ತರ ಇರಲಿಲ್ಲ. ಡ್ರಾಫ್ಟ್ ದಿನ ಅಜ್ಜ ನಮ್ಮನ್ನ ಅವರ ಮನೆಗೆ ಕರೆದ್ರು. ಟಿವಿ ಮುಂದೆ ಕೂತು, ಒಂದು ಹಳದಿ ಪ್ಯಾಡಿನಲ್ಲಿ ಒಂದೊಂದೇ ಹೆಸರು ಬರೀತಾ, ಪಕ್ಕದಲ್ಲಿ ಅವರವರ ಸಂಬಳ ಬರೀತಾ ಹೋದ್ರು. ಆಮೇಲೆ ಪ್ಯಾಡನ್ನ ಇವರ ಕೈಗೆ ಕೊಟ್ಟು, ಯಾರೂ ಆಟ ಮರೆತು ಈ ಪಟ್ಟಿಗೆ ಬಂದವರಲ್ಲ, ಸಂಖ್ಯೆ ಹೊಂದಲಿಲ್ಲ ಅಷ್ಟೇ ಅಂದ್ರು. ಇವರು ಆ ಹಾಳೆಯನ್ನ ತುಂಬ ಹೊತ್ತು ನೋಡ್ತಾ ಕೂತಿದ್ರು. ಏಪ್ರಿಲ್‌ನಲ್ಲಿ ಬೇರೆ ಕೆಲಸ ಸಿಕ್ತು. ಹಾಳೆ ಈಗಲೂ ನಮ್ಮ ಫೈಲಿನಲ್ಲಿದೆ.

ಟೆಕ್ಸನ್ಸ್ ಅವತ್ತು ತಗೊಂಡಿದ್ದು 19 ಜನರನ್ನ ಮಾತ್ರ. ದುಬಾರಿಯವರನ್ನ ಆರಿಸಿದ್ರಿಂದ 38ರ ಲೆಕ್ಕ ಅಷ್ಟಕ್ಕೇ ತುಂಬಿತು. 1999ರಲ್ಲಿ ಕ್ಲೀವ್‌ಲ್ಯಾಂಡ್ 37 ಜನರನ್ನ ಎತ್ತಿತ್ತು, ಇವರು ಆ ದಾರಿ ಹಿಡಿಯಲಿಲ್ಲ. ನನ್ನ ಪ್ರಕಾರ ಇವರದೇ ಸರಿ. ಮೊದಲ ಹೆಸರು ಜಾಕ್ಸನ್‌ವಿಲ್‌ನ ಟೋನಿ ಬೊಸೆಲ್ಲಿ. ಅವನು ಲೆಫ್ಟ್ ಟ್ಯಾಕಲ್, ಅಂದ್ರೆ ಚೆಂಡೆಸೆಯೋ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯೋನು. ಭುಜದ ಗಾಯ ವಾಸಿಯಾಗಲೇ ಇಲ್ಲ, ನಮ್ಮ ತಂಡಕ್ಕೆ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಅದರ ಫಲ ಉಂಡವನು ಕಾಲೇಜಿನಿಂದ ಆಗಷ್ಟೇ ಬಂದಿದ್ದ ಕ್ವಾರ್ಟರ್‌ಬ್ಯಾಕ್ ಡೇವಿಡ್ ಕಾರ್. ಆ ಒಂದೇ ಸೀಸನ್ನಿನಲ್ಲಿ ಎದುರಾಳಿಗಳು ಅವನನ್ನ 76 ಸಲ ಕೆಡವಿದ್ರು, ಅದು ದಾಖಲೆ. ಆ ಹುಡುಗ ಪ್ರತಿ ಸಲ ಹುಲ್ಲು ಒರೆಸ್ಕೊಂಡು ಏಳೋದನ್ನ ನೋಡಿ ನನಗೆ ಹೊಟ್ಟೆ ಕಿವುಚೋದು.

ಹಾಗಂತ ಪಟ್ಟಿ ಸೋತಿತು ಅನ್ಕೋಬೇಡ. ಸೆಪ್ಟೆಂಬರ್ 8, ಮೊಟ್ಟಮೊದಲ ಪಂದ್ಯ, ಎದುರಿಗೆ ಡಲ್ಲಾಸ್ ಕೌಬಾಯ್ಸ್. 19-10ರಿಂದ ಗೆದ್ದೇಬಿಟ್ವಿ! 1961ರಲ್ಲಿ ಮಿನೆಸೋಟ ಗೆದ್ದ ಮೇಲೆ ಯಾವ ಹೊಸ ತಂಡವೂ ಮೊದಲ ಪಂದ್ಯ ಗೆದ್ದಿರಲಿಲ್ಲ. ಟ್ಯಾಂಪಾ 1976ರಲ್ಲಿ ಶುರುಮಾಡಿ ಸಾಲಾಗಿ 26 ಸೋತಿತ್ತು ಅಂದ್ರೆ ಲೆಕ್ಕ ಹಾಕು. ಅವತ್ತು ಕೊನೇ ಗಳಿಗೆಯಲ್ಲಿ ಡಲ್ಲಾಸ್ ಕ್ವಾರ್ಟರ್‌ಬ್ಯಾಕ್‌ನನ್ನ ಅವರದೇ ಗೆರೆಯೊಳಗೆ ಕೆಡವಿ ಎರಡು ಅಂಕ ತಂದವನು ಸೇತ್ ಪೇನ್, ಹಳದಿ ಹಾಳೆಯಲ್ಲಿದ್ದ ಹೆಸರು. ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಮ್ಮವರು ಇಡೀ ಪಂದ್ಯದಲ್ಲಿ ಮುಂದೆ ಸಾಗಿದ್ದು ಬರೀ 47 ಗಜ, ಆದ್ರೂ 24-6ರಿಂದ ಗೆದ್ರು. ಜೆಟ್ಸ್ ಬಿಟ್ಟುಕೊಟ್ಟಿದ್ದ ಆರನ್ ಗ್ಲೆನ್ ಎದುರಾಳಿಯ ಎಸೆತವನ್ನ ಎರಡು ಸಲ ಕಿತ್ಕೊಂಡು ಅವರ ಕೊನೆಯ ಗೆರೆ ದಾಟೋವರೆಗೆ ಓಡಿ ಟಚ್‌ಡೌನ್ ಮಾಡಿದ್ದ. ಸೀಸನ್ ಮುಗಿದಾಗ 4 ಗೆಲುವು, 12 ಸೋಲು. ಪ್ಲೇಆಫ್ ನೋಡೋಕೆ 2011ರವರೆಗೆ ಕಾಯಬೇಕಾಯ್ತು. ಕಾದ್ವಿ.

ಈ ಭಾನುವಾರ ಸಹೋದ್ಯೋಗಿಗಳು ಸ್ಟೇಡಿಯಂಗೆ ಕರೆದಿದಾರೆ ಅಂದ್ಯಲ್ಲ, ತಪ್ಪದೇ ಹೋಗು. ಬ್ಯಾಗ್ ಒಯ್ಯೋದಾದ್ರೆ ಒಳಗಿರೋದು ಕಾಣೋ ಪ್ಲಾಸ್ಟಿಕ್ಕಿನದೇ ಆಗಿರ್ಬೇಕು, ಅಂಗೈಯಷ್ಟು ಚಿಕ್ಕ ಪರ್ಸ್ ಬಿಟ್ರೆ ಬೇರೆಯದನ್ನ ಒಳಗೆ ಬಿಡಲ್ಲ. ಎರಡು ಮೂರು ಗಂಟೆ ಮುಂಚೆ ತಲುಪು. ಪಾರ್ಕಿಂಗ್ ಜಾಗದಲ್ಲೇ ಎಲ್ಲರೂ ಒಲೆ ಹಚ್ಚಿ ಅಡುಗೆ ಮಾಡ್ತಾರೆ, ಹೆಚ್ಚಿನದು ಮಾಂಸವೇ. ನೀನು ತಿನ್ನಲ್ಲ ಅಂದ್ರೆ ಒಂದು ದೊಡ್ಡ ಡಬ್ಬಿ ಚಿತ್ರಾನ್ನ ತಗೊಂಡು ಹೋಗು. ಕಡಲೆಬೀಜ ಮಾತ್ರ ಹಾಕಬೇಡ, ಇಲ್ಲಿ ಕೆಲವರಿಗೆ ಅದರ ಅಲರ್ಜಿ ಇರುತ್ತೆ. ಡಬ್ಬಿ ತೆಗೆದು ಮೊದಲು ಅವರಿಗೆ ಬಡಿಸು. ಆಮೇಲೆ ಅವರಲ್ಲಿ ವಯಸ್ಸಾದವರು ಯಾರಾದ್ರೂ ಇದ್ರೆ ಆಯಿಲರ್ಸ್ ಬಗ್ಗೆ ಕೇಳು, ಅವರು ಮಾತು ಮುಗಿಸೋಷ್ಟರಲ್ಲಿ ಗೇಟ್ ತೆಗೆದಿರ್ತಾರೆ.