ದಿನವೆಲ್ಲ ಉಪವಾಸ ಇದ್ದರೂ ರಕ್ತದಲ್ಲಿ ಸಕ್ಕರೆ ಎಲ್ಲಿಂದ ಬಂತು?

ಏಕಾದಶಿಗೆ ಬರೀ ನೀರು ಕುಡಿದಿದ್ದೆ, ಸಂಜೆ ಮಾವನ ಶುಗರ್ ಮಷಿನ್‌ನಲ್ಲಿ ನೋಡಿದರೆ 84 ಬಂತು, ಮಷಿನ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ರಿ. ನಿಮಗೆ ಶುಗರ್ ಇಲ್ಲ ಅಂದಿದ್ದೀರಲ್ಲ, ಹಾಗಾದರೆ ಬರಬೇಕಾದ್ದೇ ಅಷ್ಟು.

ನಾನು ಬಾಗಲಕೋಟೆಯಲ್ಲಿ ಪಿಯುಸಿ ಹುಡುಗರಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಅವರಿಗೂ ಇನ್ಸುಲಿನ್ ಗೊತ್ತು, ಗ್ಲುಕಗಾನ್ ಅಂದರೆ ಮುಖ ಮುಖ ನೋಡುತ್ತಾರೆ. ಎರಡೂ ರಕ್ತದ ಸಕ್ಕರೆ ನೋಡಿಕೊಳ್ಳುವ ಹಾರ್ಮೋನುಗಳು, ಮೇದೋಜ್ಜೀರಕ ಗ್ರಂಥಿಯ ಒಂದೇ ಓಣಿಯವು: ಬೀಟಾ ಕೋಶದಲ್ಲಿ ಇನ್ಸುಲಿನ್, ಮಗ್ಗಲಿನ ಆಲ್ಫಾ ಕೋಶದಲ್ಲಿ ಗ್ಲುಕಗಾನ್. ಮೊದಲನೆಯದು ಟೊರಾಂಟೊದಲ್ಲಿ ಸಿಕ್ಕಿದ್ದು 1921ರಲ್ಲಿ, ಎರಡನೆಯದಕ್ಕೆ ಹೆಸರಿಟ್ಟದ್ದು 1923ರಲ್ಲಿ. ಎರಡೇ ವರ್ಷದ ಅಂತರ, ಆದರೂ ಹೆಸರೆಲ್ಲ ಅಣ್ಣನಿಗೇ.

ನಿಮ್ಮ ಮನೆಯ ಹಿರಿಯರಿಗೆ ಹಗೇವು ನೆನಪಿರಬೇಕು. ಸುಗ್ಗಿ ಮುಗಿದ ಮೇಲೆ ಜೋಳ ನೆಲದೊಳಗೆ ಇಳಿಸಿ ಬಾಯಿ ಮುಚ್ಚುವುದು, ಮನೆಯಲ್ಲಿ ಕಾಳು ತೀರಿದಾಗ ತೆಗೆಯುವುದು. ಯಕೃತ್ತು ಅಂಥದೇ ಹಗೇವು. ಉಂಡಾಗ ಇನ್ಸುಲಿನ್ ಹೆಚ್ಚಾದ ಗ್ಲೂಕೋಸನ್ನು ಗ್ಲೈಕೋಜನ್ ಮಾಡಿಸಿ ಅಲ್ಲಿ ತುಂಬಿಸುತ್ತದೆ, ಹೆಚ್ಚುಕಡಿಮೆ 100 ಗ್ರಾಂ. ಹೊಟ್ಟೆ ಖಾಲಿಯಾಗಿ ಸಕ್ಕರೆ ಇಳಿಯುತ್ತ ಬಂದರೆ ಇನ್ಸುಲಿನ್ ತಗ್ಗುತ್ತದೆ, ಗ್ಲುಕಗಾನ್ ಏರಿ ಹಗೇವು ತೆಗೆಸುತ್ತದೆ. ಸ್ನಾಯುಗಳಲ್ಲಿ ಇದಕ್ಕಿಂತ ದೊಡ್ಡ ದಾಸ್ತಾನು ಇದೆ, ಆದರೆ ಅವು ಪಕ್ಕದ ಮನೆಗೆ ಒಂದು ಕಾಳೂ ಕೊಡುವುದಿಲ್ಲ. ಗ್ಲೂಕೋಸನ್ನು ರಕ್ತಕ್ಕೆ ಬಿಡಲು ಬೇಕಾದ ಕಿಣ್ವವೇ ಅವುಗಳಲ್ಲಿಲ್ಲ.

ಮೈಯೊಳಗಿನ ಅಷ್ಟೂ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಚಹಾ ಚಮಚದಷ್ಟು, 4-5 ಗ್ರಾಂ. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಲೆಕ್ಕ ಹಾಕಿದರೆ 100 ಗ್ರಾಂ ದಾಸ್ತಾನು ಒಂದು ದಿನಕ್ಕೂ ಸಾಲದು. ಅದಕ್ಕೇ ಹಗೇವು ಬರಿದಾಗುವ ಮೊದಲೇ ಯಕೃತ್ತು ಅಮೈನೋ ಆಮ್ಲ, ಲ್ಯಾಕ್ಟೇಟ್, ಕೊಬ್ಬಿನಿಂದ ಬರುವ ಗ್ಲಿಸರಾಲ್ ಬಳಸಿ ಹೊಸ ಗ್ಲೂಕೋಸ್ ಮಾಡಲು ಶುರುಮಾಡಿರುತ್ತದೆ. ಅದಕ್ಕೂ ಗ್ಲುಕಗಾನ್‌ದೇ ತಾಕೀತು.

ಅಂದಹಾಗೆ, ನೀವು ನೀರಷ್ಟೇ ಕುಡಿದಿರಿ ಅಂತ ಇಷ್ಟೆಲ್ಲ ಹೇಳಿದೆ. ನಮ್ಮನೆಯ ಉಪವಾಸದಂತೆ ತಾಟು ತುಂಬ ಸಾಬೂದಾಣಿ ಹೊಡೆದಿದ್ದರೆ ಇನ್ಸುಲಿನ್ನೇ ಏರುತ್ತಿತ್ತು, ಹಗೇವು ಮುಚ್ಚೇ ಇರುತ್ತಿತ್ತು.

ಮಾವನವರು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ ಅಥವಾ ಶುಗರ್ ಗುಳಿಗೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಮ್ಮ ಜೊತೆ ನಿರಾಹಾರ ಕೂರಿಸಬೇಡಿ. ಚುಚ್ಚಿಕೊಂಡ ಇನ್ಸುಲಿನ್ ಸಕ್ಕರೆ ಇಳಿಯಿತೆಂದು ತಾನೂ ತಗ್ಗುವುದಿಲ್ಲ.